ತಾಸಿಗೆ ಎಂಟಾಣೆ

ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಮೊದಲು ಸೈಕಲ್ ಬಾಡಿಗೆಗೆ ಸಿಗುತ್ತಿತ್ತು. ಈಗ ಕೊಳ್ಳುವುದಕ್ಕಷ್ಟೇ ಸಿಗುತ್ತದೆ. ಮಕ್ಕಳ ಸೈಕಲ್ಲಿನ ಮಟ್ಟಿಗೆ ನಲವತ್ತು ವರ್ಷದಲ್ಲಿ ಈ ಊರಲ್ಲಿ ಆದ ದೊಡ್ಡ ಬದಲಾವಣೆ ಇದೊಂದೇ ಎಂದು ನನ್ನ ಲೆಕ್ಕ. ಗೇರು, ಬಣ್ಣ, ಡಿಸ್ಕ್ ಬ್ರೇಕು ಇವೆಲ್ಲ ಆಮೇಲಿನ ಮಾತು.

1980ರ ದಶಕದ ಸ್ಟೇಷನ್ ರಸ್ತೆ ಎಂದರೆ ಒಂದು ತುದಿಗೆ ಮೀಟರ್ ಗೇಜ್ ರೈಲು, ನಿಲ್ದಾಣದ ಮುಂದೆ ಟಾಂಗಾಗಳ ಸಾಲು, ಅಲ್ಲೇ ಹತ್ತಿರ ಗೋಳಗುಮ್ಮಟ, ಮುಂದೆ ಊರೊಳಗೆ ಹೋಗುವ ಅಗಲ ರಸ್ತೆ. ಊರ ಹೆಸರು ಆಗ ಬಿಜಾಪುರ. 2014ರ ನವೆಂಬರ್ 1ರಿಂದ ವಿಜಯಪುರ. ರಸ್ತೆಗೆ ಹತ್ತಿದ ಓಣಿಯಲ್ಲಿ ನಮ್ಮ ಮನೆ. ಓಣಿಯ ಬಾಯಿಗೆ ತಗಡಿನ ಶೆಡ್ಡಿನಲ್ಲಿ ಸೈಕಲ್ ಅಂಗಡಿ. ಹತ್ತೋ ಹನ್ನೆರಡೋ ಸೈಕಲ್ ಒಂದಕ್ಕೊಂದು ಒರಗಿ ನಿಂತಿರುತ್ತಿದ್ದವು. ಹಿಂದಿನ ಮಡ್ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು. ದೊಡ್ಡ ಸೈಕಲ್ ತಾಸಿಗೆ ಎಂಟಾಣೆ, ಸಣ್ಣದು ನಾಲ್ಕಾಣೆ. ಠೇವಣಿ ಎಂಬುದಿರಲಿಲ್ಲ. "ಯಾರ ಮಗಾನೋ ನೀ?" ಎಂದು ಅಂಗಡಿಯ ಚಾಚಾ ಕೇಳುತ್ತಿದ್ದ. ಅಪ್ಪನ ಹೆಸರು ಹೇಳಿದರೆ ಎಣ್ಣೆ ಹತ್ತಿದ ವಹಿಯಲ್ಲಿ ಹೆಸರು, ಹೊತ್ತು, ನಂಬರು ಬರೆದುಕೊಂಡು ಕೊಡುತ್ತಿದ್ದ. ಆಗ ಸೈಕಲ್ಲಿಗೂ ತೆರಿಗೆ ಇತ್ತು, ರಾತ್ರಿ ದೀಪವಿಲ್ಲದೆ ಹೋದರೆ ಪೊಲೀಸರು ಹಿಡಿಯುತ್ತಿದ್ದರು, ಡಬಲ್ ಸೀಟ್ ಹೋದರೂ ಹಿಡಿಯುತ್ತಿದ್ದರು.

ಇದನ್ನು ಹೇಳುವಾಗ ನನ್ನ ವಯಸ್ಸಿನವರು ಬಹಳ ಮಂದಿ ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ನನಗೆ ಹಾಗೆ ಆಗುವುದಿಲ್ಲ. ಆ ಹನ್ನೆರಡು ಸೈಕಲ್ಲುಗಳಲ್ಲಿ ಮಕ್ಕಳ ಅಳತೆಯವು ಎರಡೇ. ಭಾನುವಾರ ಬೆಳಿಗ್ಗೆ ಅವು ಸಿಗುವ ಮಾತೇ ಇರಲಿಲ್ಲ. ಉಳಿದವೆಲ್ಲ 28 ಇಂಚಿನ ಗಾಲಿಯ, 22 ಇಂಚಿನ ಚೌಕಟ್ಟಿನ ಕರಿ ಸೈಕಲ್. ಅಟ್ಲಾಸ್, ಹೀರೋ, ಹರ್ಕ್ಯುಲಿಸ್. ಒಂದೊಂದೂ ಇಪ್ಪತ್ತು ಕಿಲೋ ಆಸುಪಾಸು. ಹತ್ತು ವರ್ಷದ ಹುಡುಗ ಅದರ ಸೀಟಿನ ಮೇಲೆ ಕೂತರೆ ಪೆಡ್ಲು ಮುಟ್ಟುತ್ತಿರಲಿಲ್ಲ, ದಂಡಿಗೆಯ ಮೇಲೆ ಕಾಲು ಹಾಯಿಸಿ ನಿಲ್ಲುವಂತೆಯೂ ಇರಲಿಲ್ಲ. ಅದಕ್ಕೇ ದಂಡಿಗೆಯ ಕೆಳಗಿನ ಸಂದಿನಿಂದ ಬಲಗಾಲು ತೂರಿಸಿ ಒಳಪೆಡ್ಲು ಹೊಡೆಯುವುದು. ಮೈ ಒಂದು ಕಡೆ ವಾಲಬೇಕು, ಸೈಕಲ್ ಇನ್ನೊಂದು ಕಡೆ. ಪೆಡ್ಲು ಪೂರ್ತಿ ಸುತ್ತಲು ಬರದು, ಅರ್ಧ ಒತ್ತಿ ಅರ್ಧ ಬಿಡಬೇಕು. ಸಮತೋಲ ಕಲಿಯಲು ಇದಕ್ಕಿಂತ ಕಷ್ಟದ ಭಂಗಿ ಬೇಕೆಂದು ಹುಡುಕಿದರೂ ಸಿಗುವುದಿಲ್ಲ. ನಮ್ಮಣ್ಣನ ಬಲಗಾಲ ಹರಡಿನ ಮೇಲೆ ಚೈನು ಕಚ್ಚಿದ ಕಲೆ ಇಂದಿಗೂ ಇದೆ. ಅವನು ಅದನ್ನು ಪದಕದ ಹಾಗೆ ತೋರಿಸುತ್ತಾನೆ. ಅಳತೆಗೆ ಸರಿಯಾದ ಸೈಕಲ್ ಸಿಕ್ಕಿದ್ದರೆ ಆ ಕಲೆ ಇರುತ್ತಿರಲಿಲ್ಲ, ಸೈಕಲ್ಲೂ ಬೇಗ ಬರುತ್ತಿತ್ತು.

ಹುಡುಗಿಯರಿಗೆ ಚಾಚಾ ಸೈಕಲ್ ಕೊಡುತ್ತಿರಲಿಲ್ಲ. ಕೇಳಿದರೆ ನಗುತ್ತಿದ್ದ, ಬೈಯುತ್ತಿರಲಿಲ್ಲ, ಅಷ್ಟೇ. ಅಣ್ಣ ತಂದ ತಾಸಿನಲ್ಲಿ ಕೊನೆಯ ಒಂದಿಷ್ಟು ನಿಮಿಷ ನನ್ನ ಪಾಲಿಗೆ ಎಂದು ಒಪ್ಪಂದ. ಅದಕ್ಕೆ ನನ್ನ ಕಡೆಯಿಂದ ಎರಡಾಣೆ. ಕ್ರೀಡಾಂಗಣದ ಹೊರಗಿನ ಖುಲ್ಲಾ ಜಾಗದಲ್ಲಿ ಪರಕರ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕಲಿತೆ. ಪರಕರದ ಅಂಚು ಚೈನಿಗೆ ಸಿಕ್ಕಿದ ದಿನ ಮನೆಯಲ್ಲಿ ಗೊತ್ತಾಯಿತು. ಅವ್ವ ಬಡಿದಳು. ಸೈಕಲ್ ಹೊಡೆದದ್ದಕ್ಕಲ್ಲ, ಪರಕರ ಹರಿದದ್ದಕ್ಕೆ.

ಅಪ್ಪ ಸೈಕಲ್ ಕೊಂಡದ್ದು ಅಣ್ಣ ಹೈಸ್ಕೂಲಿಗೆ ಹೋದ ಮೇಲೆ. ಹೆಚ್ಚುಕಡಿಮೆ ಒಂದು ತಿಂಗಳ ಪಗಾರ. ಅಂಥ ವಸ್ತುವನ್ನು ಹುಡುಗನ ಕಾಲಳತೆಗೆ ಯಾರು ಕೊಳ್ಳುತ್ತಾರೆ? ಮನೆಗೊಂದು ಸೈಕಲ್, ಅದು ಅಪ್ಪನ ಅಳತೆ. ಹುಡುಗ ಬೆಳೆದು ಅದಕ್ಕೆ ಸರಿಹೋಗಬೇಕು. ಬಡತನದಲ್ಲಿ ಇದು ತಪ್ಪಲ್ಲ, ಲೆಕ್ಕಾಚಾರ. ಆದರೆ ಅದೇ ಲೆಕ್ಕಾಚಾರ ಬಡತನ ಹೋದ ಮೇಲೂ ನಮ್ಮ ತಲೆಯಲ್ಲಿ ಉಳಿದುಬಿಟ್ಟಿದೆ. ಆ ವಿಷಯಕ್ಕೆ ಬರುತ್ತೇನೆ.

ತಿಕೋಟಾ ಕಡೆ ನನ್ನ ಸೋದರಮಾವನ ತೋಟದ ವಸ್ತಿ. ತಿಕೋಟಾ, ಬಬಲೇಶ್ವರ ಆಗಿನ್ನೂ ತಾಲ್ಲೂಕುಗಳಲ್ಲ, ವಿಜಯಪುರಕ್ಕೇ ಸೇರಿದ್ದವು. ಈಗ ದ್ರಾಕ್ಷಿ, ಒಣದ್ರಾಕ್ಷಿಯ ಶೆಡ್ಡುಗಳ ಸೀಮೆ. ಆಗ ಜೋಳ, ಕುಸುಬೆ, ಮತ್ತು ಗಾಳಿ. ಜನ ಊರೊಳಗೆ ಇರದೆ ಹೊಲದಲ್ಲೇ ವಸ್ತಿ ಮಾಡಿಕೊಂಡಿರುವುದರಿಂದ ಸಾಲಿ ಎಂದರೆ ಮಕ್ಕಳಿಗೆ ಮೂರು ನಾಲ್ಕು ಮೈಲಿ. ಸೈಕಲ್ ಅಲ್ಲಿ ಆಟದ ಸಾಮಾನಲ್ಲ. ಕ್ಯಾರಿಯರಿನ ಎರಡೂ ಬದಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಹಗಲು ಹರಿಯುವ ಮೊದಲೇ ಡೈರಿಗೆ ಹೋಗಿ, ಅದೇ ಸೈಕಲ್ಲಿನಲ್ಲಿ ಸಾಲಿಗೆ ಹೋಗುವ ಹುಡುಗರನ್ನು ಕಂಡಿದ್ದೇನೆ.

ಎರಿ ಹೊಲದಲ್ಲಿ ಸೈಕಲ್ ಹೊಡೆದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಮಳೆ ಬಿದ್ದ ಮರುದಿನ ಕರಿಮಣ್ಣು ಗಾಲಿಗೂ ಮಡ್ಗಾರ್ಡಿಗೂ ನಡುವೆ ಮೆತ್ತಿಕೊಂಡು ಗಾಲಿ ತಿರುಗುವುದೇ ನಿಂತುಹೋಗುತ್ತದೆ. ಕಡ್ಡಿಯಿಂದ ಕೆರೆದು ತೆಗೆದರೆ ನಾಲ್ಕು ಮಾರು ಹೋಗಬಹುದು, ಮತ್ತೆ ಅದೇ. ಕೊನೆಗೆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಡಾಂಬರು ರಸ್ತೆ ಸೇರಬೇಕು. ಇಪ್ಪತ್ತು ಕಿಲೋ ಸೈಕಲ್, ಅದಕ್ಕೆ ಮೆತ್ತಿದ ಮಣ್ಣು ಬೇರೆ. ಒಣ ದಿನಗಳಲ್ಲಿ ಜಾಲಿ ಮುಳ್ಳು. ಪಂಚರ್ ಆಗದ ವಾರವಿಲ್ಲ. ಅಲ್ಲಿ ಎಂಟು ವರ್ಷದ ಹುಡುಗನೂ ಟೈರು ಕಳಚಿ, ಟ್ಯೂಬನ್ನು ಬೋಗುಣಿ ನೀರಲ್ಲಿ ಅದ್ದಿ, ಗುಳ್ಳೆ ನೋಡಿ ತೂತು ಹಿಡಿಯುತ್ತಿದ್ದ. ಆಗಿನ ಟ್ಯೂಬಿನ ಬಾಯಿಗೆ ಎರೆಹುಳದಷ್ಟು ದಪ್ಪದ ರಬ್ಬರ್ ವಾಲ್‌ಟ್ಯೂಬ್ ಹಾಕಬೇಕಿತ್ತು. ಅದು ಕಳೆದರೆ ಗಾಳಿ ನಿಲ್ಲದು. ಅಂದಹಾಗೆ, ಗಾಳಿ ತುಂಬಿದ ಟೈರನ್ನು ಜಾನ್ ಬಾಯ್ಡ್ ಡನ್‌ಲಪ್ ಎಂಬ ದನದ ಡಾಕ್ಟರು ಮೊದಲು ಮಾಡಿದ್ದು ತನ್ನ ಸಣ್ಣ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ. ಬೆಲ್‌ಫಾಸ್ಟ್ ಊರಿನ ಕಲ್ಲುಹಾಸಿನ ಮೇಲೆ ಕುಲುಕಾಡುತ್ತದೆ ಎಂಬುದೇ ತಕರಾರು. 1888ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಮಗುವಿನ ತೊಂದರೆ ನೋಡಿ ಸೈಕಲ್ಲನ್ನು ಬದಲಿಸಿದವರೂ ಇದ್ದರು ಎಂದು ಹೇಳಲಿಕ್ಕೆ ಇದನ್ನು ಬರೆದೆ.

ಈ ಜಿಲ್ಲೆಯಿಂದಲೂ ಪಕ್ಕದ ಬಾಗಲಕೋಟೆಯಿಂದಲೂ ರಾಜ್ಯ, ರಾಷ್ಟ್ರ ಮಟ್ಟದ ಸೈಕ್ಲಿಸ್ಟುಗಳು ಸಾಲಾಗಿ ಬಂದದ್ದು ಹೇಗೆ ಎಂದು ಹೊರಗಿನವರು ಕೇಳುತ್ತಾರೆ. ಸಪಾಟು ನೆಲ, ನೇರ ರಸ್ತೆ, ಎದುರುಗಾಳಿ, ದೂರದ ಸಾಲಿ, ಹಾಲಿನ ಕ್ಯಾನು, ಇನ್ನೇನು ಬೇಕು? ಜಾತ್ರೆ ಬಂತೆಂದರೆ ಸೈಕಲ್ ರೇಸು. ರೇಸಿನ ತಯಾರಿ ಎಂದರೆ ಮಡ್ಗಾರ್ಡು, ಕ್ಯಾರಿಯರು, ಸ್ಟ್ಯಾಂಡು, ಗಂಟೆ ಎಲ್ಲ ಬಿಚ್ಚಿ ಮನೆಯಲ್ಲಿಟ್ಟು ಹೋಗುವುದು. ಆಮೇಲೆ ಕ್ರೀಡಾ ಇಲಾಖೆಯ ಸೈಕ್ಲಿಂಗ್ ಕ್ರೀಡಾನಿಲಯ ಬಂತು, ತರಬೇತುದಾರರು ಬಂದರು. ವಸ್ತಿಗಳಿಂದ, ಲಂಬಾಣಿ ತಾಂಡಾಗಳಿಂದ ಹುಡುಗರಷ್ಟೇ ಅಲ್ಲ, ಹುಡುಗಿಯರೂ ಬಂದರು. ಇವತ್ತು ಬೆಳಗಿನ ಆರು ಗಂಟೆಗೆ ಸೋಲಾಪುರ ಹೆದ್ದಾರಿಯ ಬದಿಗೆ ನಿಂತರೆ ಅವರು ಸಾಲು ಹಿಡಿದು ಹೋಗುವುದು ಕಾಣುತ್ತದೆ.

2006–07ರಲ್ಲಿ ಸರಕಾರ ಎಂಟನೇ ತರಗತಿಯ ಹುಡುಗಿಯರಿಗೆ ಸೈಕಲ್ ಕೊಡಲು ಶುರು ಮಾಡಿತು, ಮರುವರ್ಷ ಹುಡುಗರಿಗೂ. ಆ ಸೈಕಲ್ಲುಗಳ ಬಗ್ಗೆ ಜನ ಆಡಿದ ಮಾತು ಬಹಳ: ಚೈನು ಸಡಿಲ, ಬ್ರೇಕು ಹಿಡಿಯುವುದಿಲ್ಲ, ಪೆಡ್ಲು ಉದುರುತ್ತದೆ. ಎಲ್ಲರಿಗೂ ಒಂದೇ ಅಳತೆ ಎಂಬುದು ನನ್ನ ತಕರಾರು. ಹದಿಮೂರರ ವಯಸ್ಸಿನಲ್ಲಿ ಒಂದು ಹುಡುಗಿ ನಾಲ್ಕೂವರೆ ಅಡಿ ಇದ್ದರೆ ಪಕ್ಕದವಳು ಐದೂಕಾಲು ಅಡಿ ಇರುತ್ತಾಳೆ. ಆದರೂ ಹೇಳುತ್ತೇನೆ, ನಾನು ಕಂಡ ಸರಕಾರಿ ಯೋಜನೆಗಳಲ್ಲಿ ಅದರಷ್ಟು ಕಣ್ಣಿಗೆ ಕಾಣುವ ಕೆಲಸ ಮಾಡಿದ್ದು ಕಡಿಮೆ. ತಿಕೋಟಾ ರಸ್ತೆಯಲ್ಲಿ ಯೂನಿಫಾರ್ಮಿನ ಹುಡುಗಿಯರು ಸೈಕಲ್ ಮೇಲೆ ಗುಂಪುಗುಂಪಾಗಿ ಹೋಗುವುದನ್ನು ನೋಡಿ ನಮ್ಮವ್ವ, "ಈಗ ಯಾರ ಪರಕರಾನೂ ಹರಿಯೂದಿಲ್ಲಲ್ಲ" ಎಂದಳು. ಕೊರೊನಾ ವರ್ಷದಲ್ಲಿ ಯೋಜನೆ ನಿಂತಿತು. ಅದೇ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್ ಕಂಪನಿ ಸಾಹಿಬಾಬಾದಿನ ತನ್ನ ಕಾರ್ಖಾನೆಯ ಬಾಗಿಲು ಹಾಕಿತು. ನಮ್ಮ ಓಣಿಯ ತಗಡಿನ ಶೆಡ್ಡು ಅದಕ್ಕೆ ಎಷ್ಟೋ ಮೊದಲೇ ಹೋಗಿತ್ತು. ಟಂಟಂ ಬಂದವು, ಬೈಕು ಬಂದವು, ತಾಸಿನ ಲೆಕ್ಕದಲ್ಲಿ ಸೈಕಲ್ ಕೇಳುವವರು ಉಳಿಯಲಿಲ್ಲ. ಚಾಚಾನ ಮಕ್ಕಳು ಬೇರೆ ಉದ್ಯೋಗ ಹಿಡಿದರು. ಅವರು ಮಾಡಿದ್ದು ಸರಿ.

ಈಗಿನ ಮಾತು. ಮಗಳ ಮಗಳಿಗೆ ಎಂಟು ವರ್ಷ. ಸೈಕಲ್ ಬೇಕೆಂದಳು. ಸ್ಟೇಷನ್ ರಸ್ತೆ ಕಡೆಯ ಅಂಗಡಿಯೊಂದಕ್ಕೆ ಕರೆದುಕೊಂಡು ಹೋದೆ. ಹೆಸರು ಬೇಡ, ಬೇರೆ ಅಂಗಡಿಗೆ ಹೋಗಿದ್ದರೂ ಇದೇ ಮಾತು ಕೇಳುತ್ತಿದ್ದೆ. ಗಾಜಿನ ಬಾಗಿಲು, ಒಳಗೆ ಗುಲಾಬಿ, ನೀಲಿ, ಕಿತ್ತಳೆ ಬಣ್ಣದ ಸೈಕಲ್ಲುಗಳು. ಟೈರು ಬೈಕಿನ ಟೈರಿನಷ್ಟು ದಪ್ಪ. ಮುಂದೆ ಸ್ಪ್ರಿಂಗು, ಹಿಂದೆ ಸ್ಪ್ರಿಂಗು, ಎರಡೂ ಗಾಲಿಗೆ ಡಿಸ್ಕು.

"ಆಯಿ, ಇದಕ್ಕ ಗೇರ್ ಅದಾವ!" ಎಂದಳು ಮೊಮ್ಮಗಳು.

"ವಯಸ್ಸೆಷ್ಟ್ರೀ ಅಕ್ಕಾರ ಕೂಸಿಂದು?" ಎಂದ ಅಂಗಡಿಯವ. ಎಂಟು ಎಂದೆ. 24 ಇಂಚಿನದನ್ನು ಎಳೆದು ತಂದ. ಹುಡುಗಿಯನ್ನು ಅದರ ಮೇಲೆ ಕೂರಿಸಿದರೆ ಬೆರಳ ತುದಿಯೂ ನೆಲ ಮುಟ್ಟಲಿಲ್ಲ.

"ಬೆಳಿಯೋ ಕೂಸೈತ್ರೀ. ಒಂದ್ ಸೈಜ್ ದೊಡ್ಡದ ಒಯ್ರಿ. ಮುಂದಿನ ವರ್ಷ ಮತ್ತ ರೊಕ್ಕ ಹಾಕೂದ ಬ್ಯಾಡ."

ಮೇಲೆ ಹೇಳಿದ ಲೆಕ್ಕಾಚಾರ ಇದೇ. ಅಂದು ಮನೆಗೊಂದೇ ಸೈಕಲ್ ಇದ್ದಾಗ ಅದಕ್ಕೆ ಅರ್ಥವಿತ್ತು. ಸಾವಿರಾರು ರೂಪಾಯಿ ಕೊಟ್ಟು ಮಗುವಿಗೆಂದೇ ಕೊಳ್ಳುವಾಗ, ಕಲಿಯುವ ವರ್ಷದಲ್ಲೇ ಅದಕ್ಕೆ ಸರಿಹೋಗದ ಸೈಕಲ್ ಕೊಳ್ಳುವುದು ಯಾವ ಜಾಣತನ? ಕಲಿಯುವ ಮಗುವಿಗೆ ಭಯ ಬಂದಾಗ ಎರಡೂ ಪಾದ ನೆಲಕ್ಕೆ ಊರಬೇಕು. ಅದಾಗದ ಮಗು ಬೀಳುತ್ತದೆ, ಆಮೇಲೆ ಸೈಕಲ್ ಮುಟ್ಟುವುದಿಲ್ಲ. ಮುಂದಿನ ವರ್ಷ ಸರಿಹೋಗುವ ಹೊತ್ತಿಗೆ ಸೈಕಲ್ ಪಡಸಾಲೆಯಲ್ಲಿ ಧೂಳು ತಿನ್ನುತ್ತಿರುತ್ತದೆ.

ಮನೆಯಲ್ಲೇ ಅಳತೆ ತೆಗೆದುಕೊಂಡು ಹೋಗಿದ್ದೆ. ಹುಡುಗಿಯನ್ನು ಬರಿಗಾಲಲ್ಲಿ ಗೋಡೆಗೆ ನಿಲ್ಲಿಸಿ, ತೊಡೆಗಳ ನಡುವೆ ಒಂದು ದಪ್ಪ ಪುಸ್ತಕ ಮೇಲಕ್ಕೊತ್ತಿ ಹಿಡಿದು, ಪುಸ್ತಕದ ಮೇಲಂಚಿನಿಂದ ನೆಲದವರೆಗೆ ಟೇಪು ಹಿಡಿಯುವುದು. ಅದು ಕಾಲಳತೆ. ಹೊಸದಾಗಿ ಕಲಿಯುವವರಿಗೆ ಸೀಟು ಪೂರ್ತಿ ಇಳಿಸಿದಾಗ ಅದರ ಎತ್ತರ ಈ ಅಳತೆಯನ್ನು ಮೀರಬಾರದು. ಚೌಕಟ್ಟಿನ ದಂಡಿಗೆ ಅದಕ್ಕಿಂತ ಎರಡು ಮೂರು ಬೆರಳಾದರೂ ಕೆಳಗಿರಬೇಕು. ವಯಸ್ಸು ಕೇಳಿ ಸೈಕಲ್ ಕೊಡುವುದು ಚಪ್ಪಲಿಯನ್ನು ವಯಸ್ಸು ಕೇಳಿ ಕೊಟ್ಟಂತೆ. ಎತ್ತರದ ಲೆಕ್ಕ ಸ್ಥೂಲವಾಗಿ ಹೀಗೆ: 100ರಿಂದ 115 ಸೆಂಟಿಮೀಟರ್ ಇರುವ ಮಗುವಿಗೆ 16 ಇಂಚಿನ ಗಾಲಿ, ಅಲ್ಲಿಂದ 135ರವರೆಗೆ 20 ಇಂಚು, ಆಮೇಲೆ 24. ಕಂಪನಿಯಿಂದ ಕಂಪನಿಗೆ ಚೌಕಟ್ಟು ಬದಲಾಗುವುದರಿಂದ ಕೊನೆಯ ಮಾತು ಕಾಲಳತೆಯದೇ. ಕಲಿತು, ಧೈರ್ಯ ಬಂದ ಮೇಲೆ ಸೀಟು ಏರಿಸಬೇಕು: ಪೆಡ್ಲು ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಮೊಣಕಾಲು ನೇರವಾಗುವಷ್ಟು. ನಮ್ಮೂರಲ್ಲಿ ಇದನ್ನು ಮಾಡುವವರೇ ಇಲ್ಲ. ಮೊಣಕಾಲು ಗದ್ದಕ್ಕೆ ಬಡಿಯುವಂತೆ ಸೈಕಲ್ ಹೊಡೆಯುವ ಮಕ್ಕಳು ಓಣಿಗೊಬ್ಬರು ಸಿಗುತ್ತಾರೆ. ಹೆಚ್ಚಿನ ಸಲ ಬೇಕಾದದ್ದು ಒಂದು ಪಾನಾ, ಎರಡು ನಿಮಿಷ.

ತೂಕದ ಬಗ್ಗೆ ಯಾರೂ ಕೇಳುವುದಿಲ್ಲ. ನಾನು ಅಂಗಡಿಯವನಿಂದ ಕೈ ತಕ್ಕಡಿ ತರಿಸಿ ತೂಗಿಸಿದೆ. ಆ ಎರಡು ಸ್ಪ್ರಿಂಗಿನ ಸೈಕಲ್ 16 ಕಿಲೋ ಮೇಲೆ. ಹುಡುಗಿ 24 ಕಿಲೋ. ನನ್ನ ತೂಕಕ್ಕೆ ಆ ಪ್ರಮಾಣದಲ್ಲಿ ಸೈಕಲ್ ಕೊಟ್ಟರೆ 40 ಕಿಲೋ ಆಗುತ್ತದೆ; ಹೊಡೆದೇನೇ ನಾನು? ಅಗ್ಗದ ಸೈಕಲ್ಲಿನ ಸ್ಪ್ರಿಂಗು ತೂಕ ಕೂಡಿಸುತ್ತದೆ, ಒತ್ತಿದ ಬಲ ನುಂಗುತ್ತದೆ, ಬೇರೇನೂ ಮಾಡುವುದಿಲ್ಲ. ಗೇರು ಕಲಿಯುವ ಮಗುವಿಗೆ ಬೇಡ, ವಿಜಯಪುರದ ಸಪಾಟು ನೆಲಕ್ಕಂತೂ ಬೇಡ. ಡಿಸ್ಕು ಸರಿಯಿಲ್ಲದಿದ್ದರೆ ಸಾದಾ ಬ್ರೇಕಿಗಿಂತ ಕಡೆ. ನೋಡಬೇಕಾದದ್ದು ಬ್ರೇಕಿನ ಹಿಡಿಕೆ ಮಗುವಿನ ಬೆರಳಿಗೆ ಎಟುಕುತ್ತದೆಯೇ, ಅದರ ಬಲಕ್ಕೆ ಒತ್ತುತ್ತದೆಯೇ ಎಂಬುದನ್ನು. ಅಂಗಡಿಯಲ್ಲಿ ಅದನ್ನು ದೊಡ್ಡವರು ತಮ್ಮ ಕೈಯಿಂದ ಒತ್ತಿ ನೋಡಿ ತಲೆಯಾಡಿಸುತ್ತಾರೆ.

ಕೊನೆಗೆ ಮೂಲೆಯಲ್ಲಿದ್ದ 20 ಇಂಚಿನ, ಒಂದೇ ಗೇರಿನ ಸಾದಾ ಸೈಕಲ್ ಆರಿಸಿದೆ. ಮೊಮ್ಮಗಳು ಮುಖ ದಪ್ಪ ಮಾಡಿದಳು. ಅಂಗಡಿಯವನೂ. ಬದಿಗೆ ಎರಡು ಸಣ್ಣ ಗಾಲಿ ಹಾಕಿಕೊಡುತ್ತೇನೆಂದ. ಬೇಡ, ಪೆಡ್ಲು ಬಿಚ್ಚಿಕೊಡು ಎಂದೆ. ನನಗೇ ತಲೆ ಕೆಟ್ಟಿದೆಯೇನೋ ಎಂಬಂತೆ ನೋಡಿದ. ಬದಿಗಾಲಿ ಇದ್ದರೆ ಮಗು ಪೆಡ್ಲು ತುಳಿಯುವುದನ್ನು ಕಲಿಯುತ್ತದೆ, ಸಮತೋಲ ಕಲಿಯುವುದಿಲ್ಲ, ಕಷ್ಟದ್ದು ಸಮತೋಲವೇ. ಪೆಡ್ಲಿಲ್ಲದೆ, ಸೀಟಿನ ಮೇಲೆ ಕೂತು, ಕಾಲಿಂದ ನೆಲ ಒದ್ದುಕೊಂಡು ಹೋದರೆ ಅದು ತಾನಾಗಿ ಬರುತ್ತದೆ. ಇದೇನೂ ಹೊಸ ಶೋಧವಲ್ಲ. ಸೈಕಲ್ಲಿನ ಮೂಲಪುರುಷ, ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ 1817ರಲ್ಲಿ ಮಾಡಿದ ಎರಡು ಗಾಲಿಯ ಯಂತ್ರಕ್ಕೆ ಪೆಡ್ಲೇ ಇರಲಿಲ್ಲ. ದೊಡ್ಡವರೇ ಅದನ್ನು ಒದ್ದುಕೊಂಡು ಓಡಿಸುತ್ತಿದ್ದರು. ಜತೆಗೆ ಹೆಲ್ಮೆಟ್ ಕೊಂಡೆ. ಹುಬ್ಬಿನ ಮೇಲೆ ಎರಡು ಬೆರಳು ಬಿಟ್ಟು ಕೂರಬೇಕು, ತಲೆ ಅಲ್ಲಾಡಿಸಿದರೆ ಜಾರಬಾರದು. ರೇಸಿನ ಲೋಕದಲ್ಲಿ ವೃತ್ತಿಪರರಿಗೇ ಅದು ಕಡ್ಡಾಯವಾದದ್ದು 2003ರಲ್ಲಿ, ಒಬ್ಬ ಸವಾರ ಬಿದ್ದು ಸತ್ತ ಮೇಲೆ. ಸ್ಟೇಷನ್ ರಸ್ತೆಯಲ್ಲಿ ಇಂದಿಗೂ ಯಾರ ಮಗುವಿನ ತಲೆಯ ಮೇಲೂ ಕಾಣುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ನೂರಕ್ಕೆ 12 ಇದ್ದದ್ದು 5ಕ್ಕೆ ಇಳಿದಿದೆ. ಉಳಿದ ರೊಕ್ಕ ಹೆಲ್ಮೆಟ್ಟಿಗೆ ಹಾಕಬಹುದು.

ಇಷ್ಟೆಲ್ಲ ಆದ ಮೇಲೆ ಒಂದು ಸಂಜೆ ಅಣ್ಣನ ಮಗ ಫೋನಿನಲ್ಲಿ ಸಿಕ್ಕ. ಅವನಿರುವುದು ಅಮೆರಿಕದ ಡೆನ್ವರ್ ಊರಲ್ಲಿ, ರಾಕಿ ಪರ್ವತದ ಮಗ್ಗುಲಿಗೆ. ಅವನ ಮಗನೂ ನನ್ನ ಮೊಮ್ಮಗಳ ಓರಗೆಯವ. ಚಳಿಗಾಲದಲ್ಲಿ ಸ್ನೋಬೋರ್ಡ್ ಕಲಿಯುತ್ತಿದ್ದಾನೆ. ಹಲಗೆಯ ಮೇಲೆ ಅಡ್ಡ ನಿಂತು ಹಿಮದ ಇಳಿಜಾರಿನಲ್ಲಿ ಜಾರುವ ಆಟ.

"ಅದಕ್ಕೆಷ್ಟು ಖರ್ಚಾತೋ ತಮ್ಮಾ?" ಎಂದೆ.

"ಕೊಂಡಿಲ್ಲ ಅತ್ತಿ. ಹುಡುಗರು ಬೆಳೀತಾವಲ್ಲ, ಸೀಸನ್ನಿಗೆ ಬಾಡಿಗಿ. ವಸಂತಕ್ಕ ವಾಪಸ್ ಕೊಡೂದು. ಮುಂದಿನ ವರ್ಷ ಅಳತಿ ನೋಡಿ ಬ್ಯಾರೇದು ತಗೊಳ್ಳೂದು."

ಅಂಗಡಿಯಲ್ಲಿ ಏನು ನೋಡುತ್ತಾರೆ ಎಂದು ಕೇಳಿ ತಿಳಿದುಕೊಂಡೆ. ಹಲಗೆಯನ್ನು ನೆಟ್ಟಗೆ ನಿಲ್ಲಿಸಿದರೆ ಮಗುವಿನ ಗದ್ದದಿಂದ ಮೂಗಿನೊಳಗೆ ಬರಬೇಕು. ಕಲಿಯುವವರಿಗೆ ಗಿಡ್ಡದೇ ಲೇಸು, ಬಾಗುವಂಥದೇ ಲೇಸು. ಎತ್ತರದ ಜತೆ ತೂಕವನ್ನೂ ಕೇಳುತ್ತಾರೆ. ಎಲ್ಲಕ್ಕಿಂತ ಮೊದಲು ಬೂಟು: ಮಂಡಿ ಬಗ್ಗಿಸಿದಾಗ ಹಿಮ್ಮಡಿ ಮೇಲೇಳಬಾರದು. ಮುಂದಿನ ವರ್ಷಕ್ಕೂ ಆಗಲಿ ಎಂದು ದೊಡ್ಡ ಬೂಟು ಕೊಟ್ಟರೆ ಮಗು ಹಲಗೆಯನ್ನು ತಿರುಗಿಸಲಾರದು. ತಲೆಗೆ ಹೆಲ್ಮೆಟ್, ಮಣಿಕಟ್ಟಿಗೆ ಪಟ್ಟಿ; ಹೊಸಬರು ಬೀಳುವಾಗ ಕೈ ಊರುವುದರಿಂದ ಮುರಿಯುವುದು ಮಣಿಕಟ್ಟೇ. ಹಿಮದ ಆಟ ನನಗೆ ಗೊತ್ತಿಲ್ಲ, ಆದರೆ ಈ ಮಾತುಗಳಲ್ಲಿ ನನಗೆ ಅಪರಿಚಿತವಾದದ್ದು ಒಂದೂ ಇರಲಿಲ್ಲ. "ಇದು ನಮ್ಮ ಚಾಚಾನ ಪದ್ಧತೀನ ಅಲ್ಲೇನೋ" ಎಂದೆ. ಅವನಿಗೆ ಚಾಚಾ ಗೊತ್ತಿಲ್ಲ.

ಚಾಚಾನ ಅಂಗಡಿಯಲ್ಲಿ ಸರಿಯಿದ್ದದ್ದು ಬಾಡಿಗೆ, ತಪ್ಪಿದ್ದದ್ದು ಅಳತೆ. ಈಗಿನ ಅಂಗಡಿಯಲ್ಲಿ ಎಲ್ಲ ಅಳತೆಯ ಸೈಕಲ್ಲುಗಳಿವೆ, ಬಾಡಿಗೆ ಇಲ್ಲ. ಬಾಡಿಗೆ ಇಲ್ಲದ್ದರಿಂದಲೇ "ಒಂದ್ ಸೈಜ್ ದೊಡ್ಡದ" ಎಂಬ ಮಾತು ಬರುತ್ತದೆ, ಎಲ್ಲ ಅಳತೆಗಳಿದ್ದೂ ಮಗುವಿಗೆ ತಪ್ಪು ಅಳತೆ ಸಿಗುತ್ತದೆ.

ರೇಸಿಗೆ ಹೋಗುವ ಮಕ್ಕಳ ಪಾಡು ಇದೇ, ಬೆಲೆ ಮಾತ್ರ ಬೇರೆ. ಕಾರ್ಬನ್ ಸೈಕಲ್ ಲಕ್ಷಗಳಲ್ಲಿ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ರೇಸಿನ ಸೈಕಲ್ 6.8 ಕಿಲೋಗಿಂತ ಹಗುರ ಇರಬಾರದು. ನಮ್ಮ ಕರಿ ಸೈಕಲ್ಲಿನ ಮೂರನೇ ಒಂದು ಪಾಲು ತೂಕ. ಅಂಥದ್ದನ್ನು ಸಾಲ ಮಾಡಿ ಕೊಡಿಸುವ ತಂದೆ ಹದಿಮೂರರ ಹುಡುಗನಿಗೆ ಹದಿನೆಂಟರ ಚೌಕಟ್ಟು ಕೊಡಿಸುತ್ತಾನೆ, ಇನ್ನೇನು ಮಾಡಿಯಾನು? ಕ್ರೀಡಾನಿಲಯಕ್ಕೆ ಹೊಸದಾಗಿ ಬಂದವರಿಗೆ ಹಳಬರು ಬಿಟ್ಟ ಸೈಕಲ್. ಪೆಡ್ಲಿಗೆ ಸಿಕ್ಕಿಕೊಳ್ಳುವ ಬೂಟಂತೂ ವರ್ಷಕ್ಕೊಂದು ಬೇಕು, ಕಾಲು ಬೆಳೆಯುತ್ತಲ್ಲ. ಎಳೆಯರ ಮೊಣಕಾಲಿಗೆ ಭಾರದ ಗೇರು ಬೇಡವೆಂದು ಹದಿನೇಳು–ಹದಿನೆಂಟರ ಸವಾರರಿಗೆ ಪೆಡ್ಲಿನ ಒಂದು ಸುತ್ತಿಗೆ 7.93 ಮೀಟರ್ ಮೀರಿ ಸೈಕಲ್ ಹೋಗಬಾರದೆಂಬ ನಿಯಮ ವಿಶ್ವಮಟ್ಟದಲ್ಲಿ 2022ರ ಕೊನೆಯವರೆಗೂ ಇತ್ತು. ಈಗ ತೆಗೆದಿದ್ದಾರೆ. ಹದಿಮೂರರವನ ಮೊಣಕಾಲು ನೋಡಿಕೊಳ್ಳುವವರು ಅವನ ಕೋಚ್, ಅವನ ತಾಯಿ.

ಮೊಮ್ಮಗಳು ಸೈಕಲ್ ಕಲಿತಳು. ಪೆಡ್ಲು ವಾಪಸ್ ಹಾಕಿದ್ದಾಯಿತು, ಸೀಟು ಆಗಲೇ ಎರಡು ಸಲ ಏರಿದೆ. ಅದು ಇನ್ನೊಂದೂವರೆ ವರ್ಷ ಬಂದೀತು. ಆಮೇಲೆ ಅದು ಪಕ್ಕದ ಓಣಿಯ ಒಂದು ಹುಡುಗಿಗೆ ಎಂದು ಈಗಲೇ ಮಾತಾಗಿದೆ.

ಸ್ಟೇಷನ್ ರಸ್ತೆಯ ಸೈಕಲ್ ಅಂಗಡಿಯವರಿಗೆ ನನ್ನದೊಂದು ಮಾತು. 16, 20, 24 ಇಂಚಿನ ಸಾದಾ ಸೈಕಲ್ ಹತ್ತಿಪ್ಪತ್ತು ಇಟ್ಟುಕೊಳ್ಳಿ. ವರ್ಷದ ಬಾಡಿಗೆಗೆ ಕೊಡಿ, ಠೇವಣಿ ಬೇಕಾದರೆ ತೆಗೆದುಕೊಳ್ಳಿ, ಮಗು ಬೆಳೆದ ಹಾಗೆ ಬದಲಿಸಿಕೊಡಿ. ಕಳೆದ ಸಲ ಕೇಳಿದಾಗ "ಯಾರ್ ಒಯ್ತಾರ್ರೀ" ಎಂದಿರಿ. ತಾಯಿತಂದೆಯರು ನಾಲ್ಕು ಮಂದಿ ಬಂದು ಕೇಳಿದರೆ ಇಟ್ಟೇ ಇಡುತ್ತೀರಿ. ಓದಿದವರು ಒಮ್ಮೆ ಹೋಗಿ ಕೇಳಿ ನೋಡಿ. ಹೋಗುವಾಗ ಮಗುವಿನ ಕಾಲಳತೆ ಬರೆದುಕೊಂಡು ಹೋಗಿ.